ಒರ್ಬೆಲೀನಾ ಬಿಟ್ಟುಕೊಡದ ಅಧ್ಯಾಯ

ಚಲತೆನಾಂಗೊ ಗುಡ್ಡಗಳ ನಡುವಿನ ಲಾಸ್ ಅಮಾತೆಸ್ ಊರಲ್ಲಿ ಒರ್ಬೆಲೀನಾ ಮೆನ್ಹೀವರ್ ಗಿರಣಿ ನಡೆಸುತ್ತಿದ್ದಳು. ಬೆಳಗಾದರೆ ಹೆಂಗಸರು ಬೇಯಿಸಿದ ಮೆಕ್ಕೆಜೋಳ ಹೊತ್ತು ಬಂದು ಸಾಲು ನಿಲ್ಲುತ್ತಿದ್ದರು. ಗಿರಣಿಯ ಸದ್ದಿನ ಮೇಲೆ ಗಂಟಲೆತ್ತಿ ಅವರಾಡಿದ ಮಾತುಗಳು ವರ್ಷಗಟ್ಟಲೆ ಅವಳೊಳಗೆ ಕೂತು, ಐವತ್ತು ದಾಟಿದ ಮೇಲೆ ಒಂದು ಕಾದಂಬರಿಯಾದವು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯ ಊರು ಸುಟ್ಟಾಗ ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಓಡಿ ಬದುಕಿದ ಹೆಂಗಸರ ಕಥೆ. ಆ ಓಟದಲ್ಲಿ ಅವಳೂ ಇದ್ದಳು, ಹದಿನಾರರ ಹುಡುಗಿಯಾಗಿ.

ರಾಜಧಾನಿಯಲ್ಲಿ ಪುಸ್ತಕ ಅಚ್ಚಾಯಿತು. ಅದರ ಬಗ್ಗೆ ಪತ್ರಿಕೆಯಲ್ಲಿ ಮೊದಲು ಬರೆದವರು ವಿಮರ್ಶಕ ಡಾಕ್ಟರ್ ರೆಂಡೆರೋಸ್. ಪೇಟೆಯ ಓದುಗರಲ್ಲಿ ಅವರ ಮಾತಿಗೆ ತೂಕವಿತ್ತು. ಭಾಷೆಗೆ ಜೀವವಿದೆ, ಹೆಂಗಸರ ನಗು ನಿಜವಾದ ನಗು ಎಂದು ಹೊಗಳಿದ್ದರು. ಆಮೇಲೆ ಒಂಬತ್ತನೇ ಅಧ್ಯಾಯಕ್ಕೆ ಬಂದಿದ್ದರು. ಗುಹೆಯ ಮೇಲೆ ಸೈನಿಕರು ಓಡಾಡುವಾಗ, ಒಳಗೆ ಅಡಗಿದವರೆಲ್ಲ ಸಿಕ್ಕಿಬೀಳಬಾರದೆಂದು ತಾಯಿಯೊಬ್ಬಳು ಅಳುವ ಕೂಸಿನ ಬಾಯಿ ಮುಚ್ಚುತ್ತಾಳೆ; ಕೂಸು ಸಾಯುತ್ತದೆ. 'ಯಾವ ತಾಯಿಯೂ ಹೀಗೆ ಮಾಡಲಾರಳು. ಇದು ಓದುಗರನ್ನು ಅಳಿಸಲು ಹೊಸ ಲೇಖಕಿ ಹೂಡಿದ ಆಟ.'

ಮಿಕ್ಕವರೂ ಅದನ್ನೇ ಹಿಡಿದು ಬರೆದರು. ಪ್ರಕಾಶಕರು ಫೋನ್ ಮಾಡಿದರು.

"ಎರಡನೇ ಮುದ್ರಣದಲ್ಲಿ ಆ ಅಧ್ಯಾಯ ತೆಗೆದುಬಿಡೋಣ ಮೇಡಂ. ಇಲ್ಲಾಂದ್ರೆ ಅದು ನಡೆದದ್ದು ಯಾರಿಗೆ ಅಂತ ಹೇಳಿ, ಪತ್ರಿಕೆಯೋರನ್ನ ಕಳಿಸ್ತೀನಿ."

"ತೆಗೆಯಲ್ಲ. ಹೇಳೋದೂ ಇಲ್ಲ."

"ಹಾಗಾದ್ರೆ ಮುದ್ರಣಾನೂ ಇಲ್ಲ."

"ಬೇಡ ಬಿಡಿ."

ಒರ್ಬೆಲೀನಾ ಫೋನ್ ಇಟ್ಟಳು. ಆ ತಾಯಿ ದಿನಾ ಗಿರಣಿಗೆ ಬರುವ ತ್ರಾನ್ಸಿತೋ. ಗುಹೆಯಲ್ಲಿ ಒರ್ಬೆಲೀನಾ ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದಳು. ಅಲ್ಲಿದ್ದವರು ಯಾರೂ ಅದರ ಬಗ್ಗೆ ಬಾಯಿ ಬಿಟ್ಟವರಲ್ಲ. ಕಾದಂಬರಿಯಲ್ಲಿ ಹೆಸರು, ಊರು ಎಲ್ಲ ಬದಲಾಗಿತ್ತು ನಿಜ. ಆದರೆ ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಮಧ್ಯಾಹ್ನ ಗಿರಣಿ ಮುಚ್ಚಿ ಅವಳ ಮನೆಗೆ ನಡೆದಳು. ತ್ರಾನ್ಸಿತೋ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು.

"ಮುಖ ಯಾಕೆ ಹಿಂಗ್ ಮಾಡ್ಕೊಂಡಿದೀಯೆ? ಗಿರಣಿ ಕೆಟ್ಟೋಯ್ತಾ?"

"ಅಕ್ಕಾ, ನಿನ್ನ ಕೇಳ್ದೆ ಬರೆದ್ಬಿಟ್ಟೆ."

"ಹೂಂ. ಸೊಸೆ ಓದಿ ಹೇಳಿದ್ಲು. ಆ ವಾರ ನಿನ್ನ ಗಿರಣಿ ಕಡೆ ತಲೆ ಹಾಕಿದ್ನಾ ನಾನು? ಮನೇಲೇ ಕಲ್ಲಲ್ಲಿ ಅರೆದೆ. ನಿನ್ನ ಬೈಕೊಂಡೇ ಅರೆದೆ."

ರೆಂಡೆರೋಸ್ ಬರೆದದ್ದು, ಪ್ರಕಾಶಕರು ಅಂದದ್ದು ಒರ್ಬೆಲೀನಾ ಎಲ್ಲ ಹೇಳಿದಳು. "ನೀನು ತೆಗಿ ಅಂದ್ರೆ ಈಗ್ಲೇ ತೆಗೀತೀನಿ. ಅವ್ರು ಅಂದ್ರು ಅಂತ ಮಾತ್ರ ತೆಗೆಯಲ್ಲ."

ತ್ರಾನ್ಸಿತೋ ರೊಟ್ಟಿ ಮಗುಚಿದಳು. "ಆ ಮನುಷ್ಯ ನಂಬದಿದ್ರೆ ಬಿಡು. ಇಂಥದ್ದನ್ನ ನಂಬೋಕಾಗದ ಹಂಗೆ ಬೆಳೆದೋರೂ ಈ ದೇಶದಲ್ಲಿ ಇದಾರಲ್ಲ, ಪುಣ್ಯವಂತರು." ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು. "ಪುಸ್ತಕದಲ್ಲಿ ಕೂಸಿಗೆ ದೊರೀಲಾ ಅಂತ ಹೆಸರಿಟ್ಟಿದೀಯ."

"ಬಾಯಿಗೆ ಬಂದದ್ದು ಅಕ್ಕಾ."

"ನನ್ನದಕ್ಕೆ ಹೆಸರೇ ಇರ್ಲಿಲ್ಲ. ಓಡ್ತಾನೇ ಇದ್ವಿ, ಹೆಸರಿಡೋಕೆ ಪಾದ್ರಿ ಎಲ್ಲಿ ಸಿಗ್ತಾರೆ? ತೆಗೀಬೇಡ. ತೆಗೆದ್ರೆ ಕೂಸು ಇನ್ನೊಂದ್ಸಲ ಹೋಗುತ್ತೆ."

ಮರುದಿನವೇ ಒರ್ಬೆಲೀನಾ ಊರವರೇ ನಡೆಸುವ ಗುಡ್ಡದ ಮೇಲಿನ ರೇಡಿಯೋ ಕೇಂದ್ರಕ್ಕೆ ಹತ್ತಿಹೋದಳು. ಪುಸ್ತಕವನ್ನು ತಾನೇ ಓದುತ್ತೇನೆ, ದಿನಕ್ಕೊಂದು ಅಧ್ಯಾಯ ಎಂದಳು. ಅವರು ಒಪ್ಪಿದರು. ಒಂಬತ್ತನೆಯದರ ನಡುವೆ ಒಮ್ಮೆ ಓದು ನಿಲ್ಲಿಸಿದಳು. ನೀರು ಕುಡಿದು, ನಿಂತ ಸಾಲಿನಿಂದಲೇ ಮತ್ತೆ ಹಿಡಿದು ಮುಗಿಸಿದಳು.

ಆ ವಾರ ಕಣಿವೆಯಾಚೆಯ ಊರುಗಳಿಂದ ಹೆಂಗಸರು ಗಿರಣಿಗೆ ಬರತೊಡಗಿದರು. ಯಾರ ಕೈಯಲ್ಲೂ ಜೋಳವಿರಲಿಲ್ಲ. ಒಬ್ಬ ಮುದುಕಿ ಬಾಗಿಲಲ್ಲೇ ನಿಂತು ಜೋರು ಮಾಡಿದಳು: "ನನ್ನ ಕಥೆ ನಿಂಗ್ಯಾರೇ ಹೇಳಿದ್ದು?" ಅವಳ ಹಿಂದೆಯೇ ಇನ್ನೊಬ್ಬಳು ಬಂದು ಅದನ್ನೇ ಕೇಳಿದಳು. ಒರ್ಬೆಲೀನಾ ಗಿರಣಿ ನಿಲ್ಲಿಸಿ ಇಬ್ಬರಿಗೂ ಕಾಫಿ ಕೊಟ್ಟಳು.

ಸಣ್ಣದೊಂದು ಪ್ರಕಾಶನ ಕಾದಂಬರಿಯನ್ನು ಇಡಿಯಾಗಿ ಮತ್ತೆ ಅಚ್ಚು ಹಾಕಿತು. ಡಾಕ್ಟರ್ ರೆಂಡೆರೋಸ್ ತಮ್ಮ ಮಾತು ಬದಲಿಸಲಿಲ್ಲ. ಒರ್ಬೆಲೀನಾ ಅವರಿಂದ ಅದನ್ನು ಬಯಸಲೂ ಇಲ್ಲ. ಅಷ್ಟರಲ್ಲಿ ಅವಳು ಎರಡನೇ ಕಾದಂಬರಿಗೆ ಕೂತಿದ್ದಳು.

ನವೆಂಬರಿನಲ್ಲಿ ಸತ್ತವರ ನೆನಪಿಗೆ ಊರವರು ಸಮಾಧಿಗಳಿಗೆ ಬಣ್ಣ ಬಳಿಯುವ ದಿನ, ತ್ರಾನ್ಸಿತೋ ಗಂಡನ ಸಮಾಧಿಯ ಪಕ್ಕ ಪುಟ್ಟದೊಂದು ಮರದ ಶಿಲುಬೆ ನೆಟ್ಟಳು. ಅಕ್ಷರ ಬಾರದ ಅವಳ ಕೈ ಹಿಡಿದು ಒರ್ಬೆಲೀನಾ ಬರೆಸಿದಳು, ನೀಲಿ ಬಣ್ಣದಲ್ಲಿ: ದೊರೀಲಾ.