ದೊಡ್ಡ ಆಳಿನ ಜಾಗ

ಜುಮೇರಾ ಲೇಕ್ ಟವರ್ಸ್‌ನಲ್ಲಿ ಆಫೀಸು ಬಿಟ್ಟ ಮೇಲೆ, ಇಷ್ಟು ಬೇಗ ರೂಮಿಗೆ ಹೋಗಿ ಎಂತ ಮಾಡುವುದು ಅಂತ ಪಾರ್ಕಿನಲ್ಲಿ ಕೂತಿದ್ದೆ. ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದವರ ಚೆಂಡು ತಲೆಯ ಮೇಲೆ ಹಾರಿಬಂತು. ಕೂತಲ್ಲಿಂದಲೇ ಕೈ ಚಾಚಿ ಹಿಡಿದೆ. ಅವರ ಕೋಚ್ ಓಡಿಬಂದು ನನ್ನ ಎತ್ತರ, ಅಗಲ ನೋಡಿ, "ನಾಳೆಯಿಂದ ಬಾ, ನೀನು ರಿಸೀವರ್" ಎಂದ. ಹಿಂದೆಯೇ ಬಂದ ಅವನ ಹೆಂಡತಿ ಒಪ್ಪಲಿಲ್ಲ. "ಇಷ್ಟು ದೊಡ್ಡ ಆಳು ಟೈಟ್ ಎಂಡ್ ಆಗಬೇಕು" ಎಂದಳು. ನನ್ನೆದುರೇ ಇಬ್ಬರಿಗೂ ಜಗಳ.

ನಮ್ಮ ಊರಿನವರ ಕ್ರೀಡಾಕೂಟದಲ್ಲಿ ಈ ತಕರಾರೇ ಇಲ್ಲ. ಹಗ್ಗಜಗ್ಗಾಟದಲ್ಲಿ ದೊಡ್ಡವನು ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲಬೇಕು. ಕಾಣುವುದು ಎಲ್ಲರ ಬೆನ್ನು ಮಾತ್ರ.

"ರಿಸೀವರಿಗೂ ಟೈಟ್ ಎಂಡಿಗೂ ವ್ಯತ್ಯಾಸ ಎಂತ?" ಕೇಳಿದೆ.

"ರಿಸೀವರ್ ದೂರದ ಅಂಚಿನಲ್ಲಿ ಒಬ್ಬನೇ ನಿಂತು ಚೆಂಡಿಗೆ ಕಾಯುತ್ತಾನೆ. ಟೈಟ್ ಎಂಡ್ ಸಾಲಿನವರ ಪಕ್ಕದಲ್ಲೇ ನಿಂತು ಎದುರಿನವರನ್ನು ತಳ್ಳಬೇಕು, ಚೆಂಡನ್ನೂ ಹಿಡಿಯಬೇಕು. ಪೆಟ್ಟು ಜಾಸ್ತಿ," ಎಂದಳು.

"ಹಾಗಾದರೆ ಟೈಟ್ ಎಂಡ್. ಪೆಟ್ಟಾದರೂ ಅಡ್ಡಿಲ್ಲ, ಪಕ್ಕದಲ್ಲಿ ಜನ ಉಂಟಲ್ಲ."

ಕೋಚ್ ನನ್ನ ಬೆನ್ನಿಗೊಂದು ಬಾರಿಸಿ, "ಯಲ್ಲಾ, ನಡಿ ಹಾಗಾದರೆ" ಎಂದ.

ಈಗ ವಾರವಾರವೂ ಬೆನ್ನುನೋವು. ಬಾಮ್ ತಂದಿಟ್ಟಿದ್ದೇನೆ. ಎಂಥ ಚೆಂಡನ್ನೂ ಹಿಡಿಯುವ ಈ ಉದ್ದ ಕೈ ನನ್ನ ಬೆನ್ನಿಗೆ ಮಾತ್ರ ಎಟುಕುವುದಿಲ್ಲ, ಮಾರಾಯ್ರೆ.