ಚಂದ್ರನ ಮನೆಯಲ್ಲಿ ಕಲಗಚ್ಚು

ಇಲ್ಲಿ ಬಾಗಿಲು ತೆಗೆದರೆ ಸತ್ತ ಲೆಕ್ಕ. ಹೊರಗಿರುವುದು ಪರದೇಶದ ಮರಳುಗಾಡು, ಗಾಳಿ ಬೇಕಾದಷ್ಟಿದೆ. ಆದರೂ ನಾವು ಚಂದ್ರನ ಮೇಲಿದ್ದೇವೆ ಎಂದೇ ಒಪ್ಪಂದ. ಮುಂದೆ ಅಲ್ಲಿಗೆ ಹೋಗುವವರ ಮನೆ ಹೇಗಿರಬೇಕೆಂದು ನೋಡಲು ಕಟ್ಟಿದ ಕಿಟಕಿಯಿಲ್ಲದ ಗೂಡಿನಲ್ಲಿ ನಾಲ್ವರಿದ್ದೇವೆ. ಬಾಗಿಲಿಗೆ ಬೀಗವಿಲ್ಲ, ಚಿಲಕ ಒಳಗಡೆಯೇ ಇದೆ. ಯಾರು ತೆಗೆದರೂ ಅಲ್ಲಿಗೆ ಪ್ರಯೋಗ ಮುಗಿಯಿತು.

ನಾನು ಹೆಮ್ಮಿಗೆಯವಳು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೊಳಕು ನೀರು ಶುದ್ಧಿ ಮಾಡುತ್ತಿದ್ದೆ, ಆ ವಿದ್ಯೆಯೇ ಇಲ್ಲಿಗೆ ಎಳೆದು ತಂದಿತು. ನಮ್ಮೂರಲ್ಲಿ ಹೊಳೆ ತುಂಬಿ ಹರಿಯುತ್ತದೆ. ಇಲ್ಲಿ ಬೆವರು, ಮೂತ್ರ, ಮುಸುರೆ ನೀರು ಎಲ್ಲವೂ ಯಂತ್ರದೊಳಗೆ ಹೋಗಿ ಮತ್ತೆ ಲೋಟಕ್ಕೆ ಬರುತ್ತದೆ. ಇದಕ್ಕೆ ‘ಲೂಪ್’ ಎನ್ನುತ್ತಾರೆ, ಹನಿಯೂ ಹೊರಹೋಗದ ಸುತ್ತು. ಮೊದಮೊದಲು ಕಣ್ಣು ಮುಚ್ಚಿಕೊಂಡು ಕುಡಿದೆ. ಆಮೇಲೆ ರುಚಿ ಮರೆತೇ ಹೋಯಿತು. ನಾನೂ ಆ ಸುತ್ತಿನೊಳಗೆ ಸಿಕ್ಕಿಬಿದ್ದವಳು ಅನ್ನಿಸುವುದು ಮಾತ್ರ ಮರೆಯಲಿಲ್ಲ.

ವಾರಕ್ಕೊಮ್ಮೆ ಫೋನು. ಚಂದ್ರನಿಗೆ ಹೋಗಿ ಏನು ಬೆಳೆಯುತ್ತೀರಿ ಎಂದು ಅವ್ವ ಕೇಳಿದಳು. ಬೆಳೆಯುವುದಕ್ಕಲ್ಲ, ಮುಂದೆ ಮಂಗಳ ಗ್ರಹಕ್ಕೆ ಹೋಗುವ ತಯಾರಿ. ಚಂದ್ರ ಮೂರು ನಾಲ್ಕು ದಿನದ ದಾರಿ, ಏನಾದರೂ ಕೆಟ್ಟರೆ ವಾಪಸು ಬರಬಹುದು. ಮಂಗಳ ತಿಂಗಳುಗಟ್ಟಲೆಯ ದಾರಿ, ಅಲ್ಲಿ ಕೆಟ್ಟರೆ ಕೆಟ್ಟಂತೆಯೇ. ಅದಕ್ಕೇ ಬದುಕುವುದನ್ನು ಮೊದಲು ಚಂದ್ರನಲ್ಲಿ ಕಲಿಯಬೇಕು ಎಂದೆ.

“ಅಂಗನ್ನು. ಕಾಲ್ವೇಲಿ ಈಜು ಕಲ್ತ್ಕಂಡು ಆಮೇಲೆ ಒಳೆಗಿಳಿಯೋದು,” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಸುಮಂಗೆ ದಿನ ತುಂಬ್ತಾ ಅದೆ ಕಣವ್ವ. ಅಕ್ಕ ಬರ್ಲಿ ಅಂತ ಅಳ್ತಾವ್ಳೆ.”

ಸುಮ ನನ್ನ ತಂಗಿ. ಮೊದಲ ಮಗುವನ್ನು ಕಳೆದುಕೊಂಡಾಗ ಅವಳ ಕೈ ಹಿಡಿದು ಕೂತಿದ್ದವಳು ನಾನೇ.

ಆ ವಾರವೇ ನೀರು ಕಡಿಮೆ ಬಂತು. ನಮ್ಮ ಮುಖ್ಯಸ್ಥೆ ಮಾರ್ತಾ ಕೊಳವೆಗಳನ್ನೆಲ್ಲ ತಡಕಿದಳು. ಸೋರಿಕೆ ಸಿಗದಿದ್ದರೆ ನಾಳೆ ಬಾಗಿಲು ತೆಗೆದು ಎಲ್ಲರೂ ಮನೆಗೆ ಹೋಗುವುದೇ ಸರಿ ಎಂದಳು. ಮುಖ ಸಪ್ಪಗೆ ಮಾಡಿಕೊಂಡು ಕೂತೆ, ಒಳಗೊಳಗೇ ಕುಣಿಯುತ್ತಿದ್ದೆ.

ಅಡಿಗೆ ಮೂಲೆಗೆ ಹೋದರೆ ಹುಳಿ ವಾಸನೆ. ನಮ್ಮ ಕೊಟ್ಟಿಗೆಯ ವಾಸನೆ! ಹಲಗೆಯ ಕೆಳಗೆ ಮುಚ್ಚಿದ ಬಕೆಟ್ಟು, ತುಂಬ ಅಕ್ಕಿ ತೊಳೆದ ನೀರು. ನಮ್ಮ ಕಡೆ ಅದನ್ನು ಯಾರೂ ಮೋರಿಗೆ ಚೆಲ್ಲುವುದಿಲ್ಲ, ಅದು ಹಸುವಿನ ಕಲಗಚ್ಚು. ಇಲ್ಲಿ ಹಸು ಇಲ್ಲವೆಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನೀರು ಕಾಯುವವಳೇ ಹಳೆಯ ಅಭ್ಯಾಸದಲ್ಲಿ ದಿನಾ ಒಂದಿಷ್ಟು ನೀರು ಎತ್ತಿಟ್ಟು ಮರೆತಿದ್ದೆ.

ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಸುಮಳ ಹತ್ತಿರ ಹೋಗಬಹುದಿತ್ತು. ಆದರೆ ಸರಿಯಿರುವ ಯಂತ್ರ ಸೋರುತ್ತದೆ ಎಂದು ಇವರು ಬರೆದುಕೊಳ್ಳುತ್ತಾರೆ. ನಾಳೆ ನಿಜವಾದ ಚಂದ್ರನಿಗೆ ಹೋಗುವವರು ಆ ಸುಳ್ಳನ್ನೇ ನಂಬಿ ಹೊರಡುತ್ತಾರೆ. ಅವರು ಬಾಗಿಲು ತೆಗೆದು ಮನೆಗೆ ಬರುವಂತಿಲ್ಲ.

ಬಕೆಟ್ಟನ್ನು ಎತ್ತಿಕೊಂಡು ಹೋಗಿ ಮಾರ್ತಾಳ ಮುಂದಿಟ್ಟೆ. ಅವಳು ಮೊದಲು ಸಿಡುಕಿದಳು, ಆಮೇಲೆ ಹಸುವಿನ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು. ನಾನು ಸುಮಳನ್ನು ನೆನೆದು ಅತ್ತುಬಿಟ್ಟೆ. ಕಲಗಚ್ಚು ಯಂತ್ರಕ್ಕೆ ಹೋಯಿತು, ಬಾಗಿಲು ಮುಚ್ಚಿಯೇ ಉಳಿಯಿತು. ಊರಲ್ಲಿ ಹಸು ಕುಡಿಯುವುದನ್ನು ಇಲ್ಲಿ ನಾನು ಕುಡಿದೆ.

ಮುಂದಿನ ಫೋನಿನಲ್ಲಿ ಅವ್ವನ ದನಿಯ ಹಿಂದೆ ಎಳೆಯ ಅಳು ಕೇಳಿಸಿತು.

“ಎಣ್ಣು ಮಗ ಕಣವ್ವ. ಸುಮ ಉಸಾರಾಗವ್ಳೆ. ನೀನ್ಯಾವಾಗ ಬತ್ತೀಯ?”

ಬರುತ್ತೇನೆ ಎಂದೆ. ಫೋನಿಟ್ಟು ಬಾಗಿಲ ಹತ್ತಿರ ಹೋಗಿ ನಿಂತೆ. ಚಿಲಕ ನನ್ನ ಕಡೆಗೇ ಇತ್ತು, ಕೈ ಹಾಕಲಿಲ್ಲ.