ಪ್ರಮೀಳಾ ಕಟ್ಟಿದ ಪೈಪು

ಹುಣಸೂರು ರಸ್ತೆಯ ನಮ್ಮ ವಿಮಾನ ಶಾಲೆಯಲ್ಲಿ ಮೂರು ಪುಟ್ಟ ವಿಮಾನಗಳಿವೆ, ಒಂದು ತಗಡಿನ ಶೆಡ್ಡಿದೆ, ಮತ್ತು ಪ್ರಮೀಳಾ ಇದ್ದಾಳೆ. ಮೊದಲಿನ ಎರಡನ್ನು ಹೇಗೋ ಸಹಿಸಿಕೊಳ್ಳಬಹುದು. ನಾನು ವಸಂತ್, ಆಗ ಅಲ್ಲಿನ ಸ್ಟೋರ್‌ಕೀಪರ್. ನಟ್ಟು, ಬೋಲ್ಟು, ಕ್ಲಿಪ್ಪುಗಳ ನಡುವೆ ತಣ್ಣಗೆ ಕೂತಿದ್ದೆ. ಏಳು ವರ್ಷದ ಹಿಂದೆ ರಾವಂದೂರಿನ ಕಡೆಯಿಂದ ಈ ಮಹಾತಾಯಿ ಎಂಜಿನ್ ಕೆಲಸ ಕಲಿತು ಬಸ್ಸಿಳಿದಳು. ನನ್ನ ಸುಖ ಅಲ್ಲಿಗೆ ಮುಗಿಯಿತು.

ಅವಳ ಮನೆಯದು ಹೊಗೆಸೊಪ್ಪಿನ ಬೇಸಾಯ. ಹಸಿ ಸೊಪ್ಪನ್ನು ಕಡ್ಡಿಗೆ ದಾರದಲ್ಲಿ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ನೇತುಹಾಕಿ, ಕಾವಿನಲ್ಲಿ ಒಣಗಿಸುತ್ತಾರಲ್ಲ, ಆ ಕಟ್ಟುವುದರಲ್ಲಿ ಅವಳ ಅವ್ವ ಚಿಕ್ಕಬೀರಮ್ಮ ಊರಿಗೇ ಮೊದಲು. ಗಂಟು ಸಡಿಲವಾಗಿ ಒಂದು ಎಲೆ ಕೆಳಗಿನ ಬಿಸಿ ಕೊಳವೆಯ ಮೇಲೆ ಉದುರಿದರೂ ಇಡೀ ಬ್ಯಾರನ್ ಬೂದಿಯಾದೀತು. “ಎಲೆ ಬಿದ್ರೆ ದಾರನ ಬೈಬ್ಯಾಡಿ, ಕಟ್ಟಿದೋಳ್ನ ಕೇಳಿ” ಎನ್ನುವುದು ಆ ಅವ್ವನ ಮಾತು. ಪ್ರಮೀಳಾ ಇದನ್ನು ನನಗೆ ನೂರು ಸಲವಾದರೂ ಹೇಳಿದ್ದಾಳೆ. ನಾನು ನೂರು ಸಲವೂ ಹೂಂ ಎಂದಿದ್ದೇನೆ.

ಬಂದ ಮೊದಲ ದಿನವೇ ಎಂಜಿನ್ನಿನ ವೈರುಗಳನ್ನು ಹೊಗೆಸೊಪ್ಪಿನಂತೆ ಬಿಗಿದು ಕಟ್ಟಿದಳು. ಮುಖ್ಯ ಎಂಜಿನಿಯರ್ ಚನ್ನಬಸವಣ್ಣನವರು ಬಂದು ನೋಡಿ, ಒಂದೊಂದನ್ನೂ ಕತ್ತರಿಸಿ ಹಾಕಿದರು.

“ಇದು ಬ್ಯಾರನ್ ಅಲ್ಲ ಕಣವ್ವ. ಎಂಜಿನ್ ಅದುರ್ತದೆ. ಬಿಗಿಯಾದ್ರೆ ಕಟ್ಟೇ ವೈರನ್ನ ಕೊಯ್ತದೆ, ಸಡಿಲಾದ್ರೆ ಪಕ್ಕದ ಕಂಬಿಗೆ ಉಜ್ತದೆ. ಪೆಟ್ರೋಲ್ ಪೈಪು ಉಜ್ಜಿ ತೂತಾದ್ರೆ ಮೇಲೆ ಹೋದೋನು ಇಳಿಯೋದು ಹೆಂಗೆ, ಹೇಳು?”

ಅಷ್ಟೇ. ಅವಳಿಗೆ ಉಜ್ಜುವ ರೋಗ ಹಿಡಿಯಿತು. ಯಾವುದು ಯಾವುದಕ್ಕೆ ತಾಗುತ್ತಿದೆ ಎಂದು ನೋಡುವುದೇ ಕಸುಬು. ಪೈಪಿಗೂ ಕಂಬಿಗೂ ನಡುವೆ ಬೆರಳು ತೂರಿಸುವಳು, ಟಾರ್ಚು ಬಿಡುವಳು, ಒಳಗೆ ರಬ್ಬರು ಹೊದಿಸಿದ ಕ್ಲಿಪ್ಪೇ ಬೇಕೆಂದು ನನ್ನ ಪ್ರಾಣ ತಿನ್ನುವಳು. ಹುಣಸೂರಿನ ಬಸ್ಸಿನಲ್ಲಿ ಹಾರನ್ನಿನ ವೈರು ಗೇರಿನ ಕಂಬಿಗೆ ತಾಗುತ್ತಿದೆಯೆಂದು ಡ್ರೈವರಿಗೆ ಪಾಠ ಹೇಳಿದಳು. “ಪ್ಲೇನ್ ರಿಪೇರಿಯೋರು ಪ್ಲೇನಲ್ಲೇ ಓಡಾಡಿ ಕಣಮ್ಮ” ಎಂದ ಅವನು. ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಹೋದ ವರ್ಷ ಗಾವಡಗೆರೆಯಲ್ಲಿ ನಮ್ಮ ಮನೆಯ ಬೀಗರೂಟ. ಆ ಗಡಿಬಿಡಿಯಲ್ಲಿ ರಬ್ಬರ್ ಕ್ಲಿಪ್ಪು ತರಿಸಲು ಬರೆಯುವುದನ್ನೇ ಮರೆತೆ. ಮರೆತೆ ಎಂದು ಹೇಳಲು ನಾಲಿಗೆ ಬರಬೇಕಲ್ಲ! ಹುಣಸೂರು ಬಸ್‌ಸ್ಟ್ಯಾಂಡಿನ ಎಲೆಕ್ಟ್ರಿಕ್ ಅಂಗಡಿಯಲ್ಲಿ ವೈರು ಬಿಗಿಯುವ ಪ್ಲಾಸ್ಟಿಕ್ ಟೈ ಒಂದು ಪ್ಯಾಕೆಟ್ ಕೊಂಡು, ಒಂದು ಹಿಡಿ ಅವಳ ಕೈಗಿಟ್ಟೆ.

“ಅಣ್ಣ, ಇದು ಕಾವು ತಡೀತದಾ?”

“ಕಂಪ್ನಿ ಮಾಲು ಕಣವ್ವ, ಹೊಸಾದು. ಕಟ್ಟು.”

ಪಾಪ, ನಂಬಿ ಕಟ್ಟಿದಳು.

ಎರಡು ತಿಂಗಳಾಯಿತು. ಅವಳು ಪರೀಕ್ಷೆಗಳನ್ನೆಲ್ಲ ಮುಗಿಸಿದ್ದಳು. ಸೋಮವಾರ ಅವಳಿಗೆ ಸಹಿಯ ಅಧಿಕಾರ ಬರುವುದಿತ್ತು. ಅಂದರೆ, ಈ ವಿಮಾನ ಹಾರಬಹುದು ಎಂದು ಸ್ವಂತ ಹೆಸರು ಬರೆಯುವ ಹಕ್ಕು. ಆರು ವರ್ಷ ಅದಕ್ಕಾಗಿಯೇ ದುಡಿದಿದ್ದಳು. ಅವರವ್ವ ಆಗಲೇ ಊರಿಗೆಲ್ಲ ಸಕ್ಕರೆ ಹಂಚಿದ್ದಳು.

ಗುರುವಾರ ಒಂದು ವಿಮಾನದ ಎಂಜಿನ್ ಮುಚ್ಚಳ ತೆಗೆದವಳು ನನ್ನನ್ನು ಕೂಗಿದಳು. ಟೈ ಕಾವಿಗೆ ಒಣಗಿ ಮುರಿದು ಬಿದ್ದಿತ್ತು. ಜೋತುಬಿದ್ದ ಪೆಟ್ರೋಲ್ ಪೈಪು ಕಬ್ಬಿಣದ ಕಂಬಿಗೆ ಉಜ್ಜಿ ಉಜ್ಜಿ, ಮೇಲಿನ ಹೊದಿಕೆ ಹೋಗಿ ಒಳಗಿನ ರಬ್ಬರು ಕಾಣುತ್ತಿತ್ತು. ಮಾರನೆಯ ಬೆಳಿಗ್ಗೆ ಶಾಲೆಯ ಒಬ್ಬ ಹುಡುಗಿ ಮೊದಲ ಸಲ ಒಬ್ಬಳೇ ಆ ವಿಮಾನ ಹಾರಿಸುವವಳಿದ್ದಳು.

“ಹೊಸ ಪೈಪು ಹಾಕ್ಬುಡು. ಯಾರ್ಗೆ ಗೊತ್ತಾಯ್ತದೆ?” ಎಂದೆ. ಎಷ್ಟು ದೊಡ್ಡ ಮನಸ್ಸು ನನ್ನದು, ನೋಡಿ!

“ನಂಗೆ ಗೊತ್ತಲ್ವಾ ಅಣ್ಣ?” ಎಂದವಳೇ ದೋಷದ ಪುಸ್ತಕ ತೆಗೆದು, ಕಟ್ಟಿದ್ದು ಪ್ರಮೀಳಾ ಎಂದು ದುಂಡಗೆ ಬರೆದಳು. ಅಲ್ಲೂ ಇದೇ ಟೈ ಇದೆಯೇನೋ ಎಂದು ಮಿಕ್ಕ ಎರಡು ವಿಮಾನಗಳನ್ನೂ ತಾನೇ ನಿಲ್ಲಿಸಿ ಬಿಚ್ಚಿ ನೋಡಿದಳು.

ಚನ್ನಬಸವಣ್ಣನವರು ಮುರಿದ ಟೈ ಹಿಡಿದು ಬಂದರು. “ಇಂಥದ್ದು ಸ್ಟೋರಲ್ಲಿತ್ತೇನಯ್ಯ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ದಡ್ಡ. ನಾನು ಜಾಣ, ಕೈ ಅಲ್ಲಾಡಿಸಲಿಲ್ಲ. “ಇಲ್ವಲ್ಲಾ ಸಾರ್” ಎಂದೆ.

ಪ್ರಮೀಳಾ ನನ್ನನ್ನು ಒಮ್ಮೆ ನೋಡಿದಳು. “ನೋಡ್ದಲೆ ಕಟ್ಟಿದ್ದು ನಾನು ಸಾರ್” ಎಂದಳು.

ಸಹಿ ಆರು ತಿಂಗಳು ಮುಂದೆ ಹೋಯಿತು. ಅವಳಿಗೆ ಮತ್ತೆ ಅದೇ ಬಸ್ಸು, ಅದೇ ಟಾರ್ಚು. ಊರಲ್ಲಿ ಸಕ್ಕರೆ ತಿಂದವರು ಚಿಕ್ಕಬೀರಮ್ಮನನ್ನು ಬಿಟ್ಟಾರೆಯೇ? “ಮಗಳು ಇನ್ನೂ ಸೈನು ಹಾಕೋದು ಕಲೀನಿಲ್ವಾ?” ಎಂದು ಕೇಳುತ್ತಿದ್ದರಂತೆ. ನಾನು ಮಿಕ್ಕ ಟೈಗಳನ್ನು ಮನೆಗೊಯ್ದು ಕೋಳಿಗೂಡಿಗೆ ಕಟ್ಟಿ ನೆಮ್ಮದಿಯಾಗಿದ್ದೆ.

ಸಹಿ ಕೈಗೆ ಬಂದ ದಿನ ಅವಳು ನೇರ ಸ್ಟೋರಿಗೆ ಬಂದಳು. ಬ್ಯಾಗಿನಿಂದ ಮಡಚಿದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಹುಣಸೂರಿನ ಅಂಗಡಿಯ ಚೀಟಿ ಅಂಟಿದ್ದ ಅದೇ ಟೈ ಪ್ಯಾಕೆಟ್ಟಿನ ಕವರು. ಸುಳ್ಳು ಹೇಳಿದ ಆ ಸಂಜೆ ನಾನು ಎಸೆದದ್ದು ಅವಳಿಗೆ ನನ್ನ ಕಸದ ಬುಟ್ಟಿಯಲ್ಲಿ ಸಿಕ್ಕಿತ್ತಂತೆ. ಆರು ತಿಂಗಳು ಬ್ಯಾಗಿನಲ್ಲೇ ಇಟ್ಟುಕೊಂಡು, ನನಗೆ ದಿನಾ “ಊಟ ಆಯ್ತಾ ಅಣ್ಣ?” ಎನ್ನುತ್ತಿದ್ದಳು!

“ಗೊತ್ತಿದ್ದೂ ಯಾಕವ್ವ ಸುಮ್ನಿದ್ದೆ?” ಎಂದೆ.

“ನನ್ ತಪ್ಪು ನಾನು ಬರ್ದೆ. ನಿಮ್ದು ನೀವು ಬರೀತೀರ ಅಂತ ಕಾದೆ.” ದನಿ ಏರಿಸಲಿಲ್ಲ. “ಇನ್ನೊಂದ್ಸಲ ಮರೆತ್ರೆ ಮರೆತೆ ಅನ್ನಿ ಅಣ್ಣ. ಪ್ಲೇನ್ ಕೆಳಗೇ ನಿಂತಿರ್ತದೆ, ಅಷ್ಟೇಯ.”

ಚನ್ನಬಸವಣ್ಣನವರ ಕೋಣೆ ಸ್ಟೋರಿನಿಂದ ಮೂವತ್ತು ಹೆಜ್ಜೆ. ಆರು ತಿಂಗಳು ನಡೆಯಲಾಗದ್ದನ್ನು ಆವತ್ತು ಆ ಕವರು ಹಿಡಿದುಕೊಂಡು ನಡೆದೆ.

ಈಗ ಸ್ಟೋರಿನಲ್ಲಿ ಬೇರೆಯವನಿದ್ದಾನೆ. ನಾನು ಗೇಟಿನಲ್ಲಿ ಕೂತು ಬಂದವರ ಹೆಸರು ಬರೆಯುತ್ತೇನೆ. ಮೊನ್ನೆ ಗೇಟಿನ ದೀಪದ ವೈರು ಕಂಬಿಗೆ ತಾಗುತ್ತಿತ್ತು. ಅವಳ ಬಸ್ಸು ಬರುವ ಮೊದಲೇ ಎದ್ದು ರಬ್ಬರು ಸುತ್ತಿದೆ.